ತಪ್ಪು ನಮ್ಮದೇರಿ

ಬಸ್ಸಿನಲ್ಲಿ ಕಾಲು ತುಳಿದವನಿಗಿಂತ ಮೊದಲು ತುಳಿಸಿಕೊಂಡವನೇ ಕ್ಷಮೆ ಕೇಳುವ ಪದ್ಧತಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರೋ ಇಲ್ಲವೋ ನಾನರಿಯೆ. ನಮ್ಮ ಆಳಂದದ ಬಸ್ ಸ್ಟ್ಯಾಂಡಿನಲ್ಲಂತೂ ಅದು ದಿನನಿತ್ಯದ ವ್ಯವಹಾರ. ತೊಗರಿಯ ಚೀಲ ಹೊತ್ತ ಮಹಾನುಭಾವನೊಬ್ಬ ಚೀಲದ ಭಾರವನ್ನೂ ತನ್ನ ಭಾರವನ್ನೂ ಒಟ್ಟುಗೂಡಿಸಿ ನಿಮ್ಮ ಹೆಬ್ಬೆರಳಿನ ಮೇಲೆ ಇಳಿಸುತ್ತಾನೆ. ನೀವು ಕಣ್ಣಿನಲ್ಲಿ ನೀರು ತುಂಬಿಕೊಂಡು, ‘ತಪ್ಪಾತ್ರಿ, ನಡುವ ಕಾಲಿಟ್ಟಿದ್ದೆ’ ಎನ್ನುತ್ತೀರಿ. ಅವನು ಚೀಲ ಹೊತ್ತಂತೆಯೇ ನಿಂತು, ‘ಛೇ ಛೇ, ತಪ್ಪು ನಮ್ಮದೇರಿ’ ಎನ್ನುತ್ತಾನೆ. ಹೀಗೆ ಒಂದೆರಡು ಸುತ್ತು ನಡೆದ ಮೇಲೆ ಇಬ್ಬರೂ ಪರಮಸಂತೋಷದಿಂದ ಬೇರೆಯಾಗುತ್ತಾರೆ. ಈ ಸಂಭಾಷಣೆಯಲ್ಲಿ ಯಾರೂ ಯಾವ ತಪ್ಪನ್ನೂ ಒಪ್ಪಿಕೊಂಡಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಉರ್ದು ಬಲ್ಲ ನಮ್ಮ ನೆರೆಯವರು ಇದಕ್ಕೆ ತಕಲ್ಲುಫ್ ಎಂದು ಚೆಂದದ ಹೆಸರಿಟ್ಟಿದ್ದಾರೆ. ಕನ್ನಡದವರಾದ ನಾವು ಹೆಸರಿಡುವ ಗೋಜಿಗೆ ಹೋಗದೆ ಸರಕನ್ನು ಮಾತ್ರ ಧಾರಾಳವಾಗಿ ಬಳಸುತ್ತ ಬಂದಿದ್ದೇವೆ.

ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಅತ್ತಾರರ ಆಡು ನಮ್ಮ ಹಿತ್ತಲಿಗೆ ನುಗ್ಗಿ, ಅಮ್ಮ ಬೆಳೆಸಿದ್ದ ಮೆಂತ್ಯದ ಮಡಿಯಲ್ಲಿ ಊಟಕ್ಕೆ ಕುಳಿತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅತ್ತಾರರು ಓಡಿಬಂದು ‘ತಪ್ಪು ನಮ್ಮದು, ಕಟ್ಟಿ ಹಾಕಬೇಕಿತ್ತು’ ಎಂದರು. ಅಪ್ಪ ‘ತಪ್ಪು ನಮ್ಮದು, ಹಿತ್ತಲ ಬಾಗಿಲು ಮುಚ್ಚಬೇಕಿತ್ತು’ ಎಂದರು. ಆಡಿನ ಸ್ವಭಾವ, ಬಾಗಿಲಿನ ಅಗುಳಿ, ಹಗ್ಗದ ಗುಣಮಟ್ಟ ಮುಂತಾದ ವಿಷಯಗಳ ಮೇಲೆ ಆ ಇಬ್ಬರು ಸಜ್ಜನರು ಅರ್ಧ ಗಂಟೆ ಪರಸ್ಪರ ಸೋಲೊಪ್ಪಿಕೊಳ್ಳುತ್ತಿರುವಾಗ ಆಡು ಮೆಂತ್ಯ ಮುಗಿಸಿ ಕೊತ್ತಂಬರಿಗೆ ಕೈಹಾಕಿತ್ತು. ಕೊನೆಗೆ ಅದನ್ನು ಓಡಿಸಿದವಳು ಅಮ್ಮ. ಅವಳಿಗೆ ಈ ನಯನಾಜೂಕುಗಳಲ್ಲಿ ಅಷ್ಟು ನಂಬಿಕೆ ಇರಲಿಲ್ಲ.

ಇಂಥ ಪರಂಪರೆಯಲ್ಲಿ ಬೆಳೆದು, ಮೇಲಾಗಿ ಮೂವತ್ತು ವರ್ಷ ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ತಾಲ್ಲೂಕಿನ ಮಕ್ಕಳ ತಪ್ಪುಗಳಿಗೆಲ್ಲ ಕೆಂಪು ಶಾಯಿಯ ಅಡಿಗೆರೆ ಎಳೆದು ನಿವೃತ್ತನಾದ ನಾನು, ಬಾಯಿಯಲ್ಲಿ ದಿನಕ್ಕೆ ಹತ್ತು ತಪ್ಪುಗಳನ್ನು ಒಪ್ಪಿಕೊಳ್ಳುತ್ತಿದ್ದರೂ ಮನಸ್ಸಿನಲ್ಲಿ ಒಂದನ್ನೂ ಒಪ್ಪಿಕೊಂಡವನಲ್ಲ. ಇದು ನನ್ನ ಅಭಿಪ್ರಾಯವಲ್ಲ, ನನ್ನ ಹೆಂಡತಿ ಸುಶೀಲೆಯದು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಹಾಲಿನವನಿಗೆ, ಪೇಪರಿನವನಿಗೆ, ತಪ್ಪು ನಂಬರಿಗೆ ಫೋನು ಮಾಡಿದ ಅಪರಿಚಿತರಿಗೆ ಕೂಡ ಕ್ಷಮೆ ಕೇಳಿದ್ದನ್ನು ತಾನು ಕೇಳಿದ್ದೇನೆಂದೂ, ತನ್ನ ಸರದಿ ಮಾತ್ರ ಇನ್ನೂ ಬಂದಿಲ್ಲವೆಂದೂ ಅವಳು ಆಗಾಗ ಹೇಳುವುದುಂಟು. ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ನಮ್ಮ ಫೋನಿನ ಬಿಲ್ಲು ಬಂತು. ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದುವ ಅಭ್ಯಾಸ ನನಗಿಲ್ಲ. ಕೊನೆಯ ಮೊತ್ತವೊಂದನ್ನು ನೋಡಿ ನಿಟ್ಟುಸಿರು ಬಿಟ್ಟರೆ ನನ್ನ ನಾಗರಿಕ ಕರ್ತವ್ಯ ಮುಗಿಯಿತು. ಈ ಬಾರಿ ನಿಟ್ಟುಸಿರು ಕೊಂಚ ಉದ್ದವಾಗಿ ಬಂದದ್ದರಿಂದ ಮೇಲಕ್ಕೆ ಕಣ್ಣು ಹಾಯಿಸಬೇಕಾಯಿತು. ‘ಎಂಜಿನಿಯರ್ ಭೇಟಿ ಶುಲ್ಕ, ಐದುನೂರ ತೊಂಬತ್ತು ರೂಪಾಯಿ. ಕಾರಣ: ಗ್ರಾಹಕರ ತಪ್ಪು.’ ಹಣ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಇಲ್ಲದಿದ್ದರೂ, ಹಣಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ಎರಡು ಪದಗಳು. ಅಚ್ಚಿನಲ್ಲಿ ನನ್ನ ಹೆಸರು, ಅದರ ಕೆಳಗೆ ಅಚ್ಚಿನಲ್ಲಿ ನನ್ನ ತಪ್ಪು! ಆ ಸಾಲನ್ನು ಅಳಿಸುವವರೆಗೆ ಬಿಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ. ಇದನ್ನೆಲ್ಲ ನಗುನಗುತ್ತ ಹೇಳುತ್ತಿದ್ದೇನೆ, ನೀವೂ ನಕ್ಕರೆ ಸಂತೋಷವೇ; ಆದರೆ ನನ್ನ ಈ ಹಟದ ಕೆಳಗೆ ಒಬ್ಬ ಬಡ ಮನುಷ್ಯನ ಒಂದು ತಿಂಗಳ ಪಗಾರ ಸಿಕ್ಕಿಹಾಕಿಕೊಂಡಿತ್ತು ಎಂಬುದನ್ನು ಈಗಲೇ ತಿಳಿಸಿಬಿಡುವುದು ಒಳ್ಳೆಯದು. ನನಗೆ ಅದು ಬಹಳ ತಡವಾಗಿ ಗೊತ್ತಾಯಿತು, ನಿಮಗಾದರೂ ಮೊದಲೇ ಗೊತ್ತಿರಲಿ.

ಭೇಟಿಯ ಕಥೆ ಹೀಗೆ. ನಮ್ಮ ಮನೆಯ ದಪ್ಪ ಗೋಡೆಗಳೊಳಗೆ ಮೊಬೈಲು ಆಟಿಕೆಯ ಸಾಮಾನು. ಮಾಳಿಗೆ ಹತ್ತಿದರೆ ಮಾತ್ರ ಅದಕ್ಕೆ ಜೀವ. ಹೀಗಾಗಿ ತಂತಿಯ ಫೋನೊಂದನ್ನು ಇಂದಿಗೂ ಇಟ್ಟುಕೊಂಡಿದ್ದೇವೆ. ಸುಶೀಲೆ ದಿನವೂ ಮಧ್ಯಾಹ್ನ ಊಟವಾದ ಮೇಲೆ ಅಫಜಲಪುರದಲ್ಲಿರುವ ತನ್ನ ಅಕ್ಕನ ಜೊತೆ ಅದರಲ್ಲಿ ಒಂದು ಗಂಟೆ ಮಾತನಾಡುತ್ತಾಳೆ. ಎರಡೂ ಊರಿನ ಅಡುಗೆ, ಆರೋಗ್ಯ ಮತ್ತು ಗಂಡಂದಿರ ಪರಿಶೀಲನೆ ಆ ವೇಳೆಯಲ್ಲಿ ನಡೆಯುತ್ತದೆ. ಒಂದು ಮಧ್ಯಾಹ್ನ ಮಾತಿನ ನಡುವೆಯೇ ಫೋನು ಸತ್ತಿತು. ನಾಲ್ಕು ದಿನ ಅಕ್ಕನ ದನಿ ಕೇಳದೆ ಸುಶೀಲೆ ಆ ಒಂದು ಗಂಟೆಯನ್ನೂ ನನ್ನ ಪರಿಶೀಲನೆಗೇ ಮೀಸಲಿಟ್ಟಳು. ನಾನು ಮಾಳಿಗೆ ಹತ್ತಿ ಕಂಪನಿಗೆ ದೂರು ಕೊಟ್ಟೆ.

ಐದನೆಯ ದಿನ ಮಹಿಬೂಬಸಾಬರು ಬಂದರು. ನರೋಣಾದವರು, ಐವತ್ತು ದಾಟಿದವರು, ನರೆತ ಗಡ್ಡ, ಹೆಗಲಿಗೆ ಏಣಿ. ಕೊರಳಿನ ಕಾರ್ಡಿನಲ್ಲಿ ಕಂಪನಿ ಅವರನ್ನು ಎಂಜಿನಿಯರ್ ಎಂದು ಕರೆದಿತ್ತು. ನಾವು ಲೈನ್‌ಮನ್ ಎನ್ನುತ್ತೇವೆ, ಅವರೂ ಹಾಗೆಯೇ ಹೇಳಿಕೊಳ್ಳುತ್ತಾರೆ. ಕಂಬ ನೋಡಿದರು, ಬಾಗಿಲ ಮೇಲಿನ ಡಬ್ಬಿ ನೋಡಿದರು, ಪಡಸಾಲೆಗೆ ಬಂದು ಗೋಡೆಯ ಉದ್ದಕ್ಕೂ ಬೆರಳಾಡಿಸುತ್ತ ನಡೆದು, ನನಗೆ ಸನ್ಮಾನವಾದಾಗ ತೆಗೆದ ಫೋಟೋದ ಎದುರು ನಿಂತರು. ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ತೆಗೆದ ಆ ಫೋಟೋಕ್ಕೆ ದೊಡ್ಡ ಕಟ್ಟು ಹಾಕಿಸಿ ನಾನೇ ಗೋಡೆಗೆ ಏರಿಸಿದ್ದೆ. ಅವರು ಕಟ್ಟಿನ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ, ಮತ್ತೆ ಇಳಿಸಿ, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿ, ‘ಫೋಟೋ ಭಾಳ ಛಂದ ಬಂದದ್ರಿ ಸರ್’ ಎಂದರು. ಕಲಾಭಿರುಚಿಯುಳ್ಳ ಮನುಷ್ಯ ಎಂದುಕೊಂಡೆ. ಆಮೇಲೆ ಹಳೆಯ ವಾಯರನ್ನು ಹಾಗೆಯೇ ಬಿಟ್ಟು, ಕಂಬದಿಂದ ಕಿಟಕಿಯ ಮೇಲೆ ಹಾಯಿಸಿ ಹೊಸ ವಾಯರ್ ಎಳೆದರು. ಫೋನು ಬದುಕಿತು.

ದುಡಿದವರನ್ನು ಹಾಗೆಯೇ ಕಳಿಸುವುದುಂಟೆ? ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಏನಾಗಿತ್ತು ಎಂದು ಕೇಳಿದಾಗ ಅವರು ಸುಶೀಲೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ‘ಹಳೇ ವಾಯರ್ರಿ, ಏನರ ಆಗಿರ್ತದ’ ಎಂದು ರೊಟ್ಟಿ ಮುರಿದರು. ಕೈ ತೊಳೆದ ಮೇಲೆ ನನ್ನನ್ನೂ ಮಾಳಿಗೆಗೆ ಕರೆದೊಯ್ದು ತಮ್ಮ ಮೊಬೈಲಿನಲ್ಲಿ ಏನೇನೋ ಒತ್ತಿ, ನನ್ನಿಂದ ಒಂದು ಓಟಿಪಿ ಪಡೆದರು. ಬೀಳ್ಕೊಡುವಾಗ ನಾನು ನಮ್ಮ ಸಂಪ್ರದಾಯಕ್ಕೆ ತಕ್ಕಂತೆ, ‘ನಮ್ಮಿಂದ ನಿಮಗ ಭಾಳ ತ್ರಾಸ ಆತು ಮಹಿಬೂಬಸಾಬ್ರ, ತಪ್ಪು ನಮ್ಮದೇ’ ಎಂದೆ. ‘ಛೇ ಛೇ, ಹಂಗ್ಯಾಕಂತೀರಿ ಸರ್, ನಮ್ಮದೇರಿ’ ಎಂದರು. ಸಂಜೆ ಕಂಪನಿಯಿಂದ ಒಬ್ಬ ಹುಡುಗಿ ಫೋನು ಮಾಡಿ, ತೊಂದರೆ ಸರಿಯಾಯಿತೇ, ದೋಷ ಯಾವ ಕಡೆಯದಿತ್ತು ಎಂದು ಕೇಳಿದಾಗಲೂ ಅದೇ ಲಹರಿಯಲ್ಲಿ, ‘ಅಯ್ಯೋ ತಾಯಿ, ತಪ್ಪು ನಮ್ಮದೇ, ಸುಮ್ಮನ ನಿಮಗೆಲ್ಲ ತ್ರಾಸ ಕೊಟ್ವಿ’ ಎಂದೆ. ಆ ಕಡೆಯಿಂದ ‘ಛೇ ಛೇ’ ಬರಲಿಲ್ಲ. ‘ಧನ್ಯವಾದಗಳು ಸರ್’ ಎಂದು ಇಟ್ಟುಬಿಟ್ಟಳು. ಸಂಸ್ಕಾರ ಸಾಲದು ಎಂದುಕೊಂಡೆ.

ಬಿಲ್ಲು ಬಂದ ಮೇಲೆ ನಾನು ಅದೇ ಕಂಪನಿಗೆ ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ. ಒಂದು ಒತ್ತಿರಿ, ನಾಲ್ಕು ಒತ್ತಿರಿ, ಕಾಯಿರಿ, ಸಂಗೀತ ಕೇಳಿರಿ. ಕೊನೆಗೆ ಎಷ್ಟೋ ಹೊತ್ತಿನ ಮೇಲೆ ಒಂದು ಮನುಷ್ಯಸ್ವರ. ಹೊಸ ವಾಯರ್ ಎಳೆದದ್ದು ಹೊರಗಿನ ಕಂಬದಿಂದ, ಅಂದಮೇಲೆ ಕೆಟ್ಟದ್ದು ಹೊರಗಿನದೇ, ಅಂದಮೇಲೆ ತಪ್ಪು ಕಂಪನಿಯದೇ ಎಂದು ತರ್ಕಬದ್ಧವಾಗಿ ಮಂಡಿಸಿದೆ. ಬೆಂಗಳೂರಿನ ಕಡೆಯ ಕನ್ನಡದ ಆ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ತಪ್ಪು ನಿಮ್ಮದು ಅಂತ ನೀವೇ ಒಪ್ಕೊಂಡಿದೀರಲ್ಲ ಸರ್, ರೆಕಾರ್ಡಿಂಗ್ ಇದೆ’ ಎಂದು ನನ್ನದೇ ದನಿಯನ್ನು ನನಗೆ ಕೇಳಿಸಿದಳು. ಮೂವತ್ತು ವರ್ಷ ಕೊನೆಯ ಬೆಂಚಿಗೂ ಮುಟ್ಟುವಂತೆ ಪಳಗಿಸಿದ ದನಿ. ಒಂದೊಂದು ಅಕ್ಷರವೂ ಸ್ಫುಟ. ಅದು ಮರ್ಯಾದೆಗೆ ಆಡಿದ ಮಾತಮ್ಮಾ, ನಮ್ಮ ಕಡೆ ಎಲ್ಲರೂ ಹಾಗೆಯೇ ಆಡುತ್ತಾರೆ ಎಂದು ತಿಳಿಹೇಳಲು ಹೋದೆ. ಅವಳಿಗೆ ಅದು ತಿಳಿಯಲಿಲ್ಲ. ಅದಕ್ಕಿಂತ ಅನ್ಯಾಯವೆಂದರೆ, ಮಾತು ಮುಗಿಸುವಾಗ ಅಭ್ಯಾಸಬಲದಿಂದ ನಾನು, ‘ಇರಲಿ ತಾಯಿ, ನಿನ್ನ ವೇಳೆ ಹಾಳು ಮಾಡಿದೆ, ತಪ್ಪು ನಂದೇ’ ಎಂದುಬಿಟ್ಟೆ. ಅದೂ ರೆಕಾರ್ಡ್ ಆಯಿತು.

ಆಳಂದದ ಗ್ರಾಹಕರ ತಕರಾರುಗಳನ್ನು ಅಫಜಲಪುರದ ಕೇಂದ್ರದಲ್ಲಿ ಕೇಳುತ್ತಾರೆ ಎಂದು ಯಾರೋ ಹೇಳಿದರು. ಅಫಜಲಪುರಕ್ಕೆ ಹೋದೆ. ಅಲ್ಲಿ ಕೇಂದ್ರವೆಂದರೆ ಮೊಬೈಲಿನ ಕವರು ಮಾರುವ ಒಂದು ಅಂಗಡಿ. ದೊಡ್ಡ ಸಾಹೇಬರು ಜೇವರ್ಗಿಯಲ್ಲಿ ಕೂಡುತ್ತಾರೆ ಎಂದು ಅಂಗಡಿಯವರು ಕೈಮುಗಿದು ಹೇಳಿ, ಅಷ್ಟು ದೂರ ಬರಿಸಿದ್ದಕ್ಕೆ ತಪ್ಪು ತಮ್ಮದೆಂದರು. ನಾನು ಛೇ ಛೇ ಎಂದೆ. ಹೆಂಡತಿಯ ಅಕ್ಕನ ಮನೆ ಅಲ್ಲೇ ಇದ್ದುದರಿಂದ ಊಟಕ್ಕೆ ಹೋದೆ. ಬಡಿಸುತ್ತ ಅವರು, ‘ಅವತ್ತ ಫೋನ್ ಬಂದ್ ಆಗೋ ಮುಂದ ಏನ್ರಿ ಮಾಸ್ತರ್ರ ಅದು, ನಿಮ್ಮನ್ಯಾಗ ಟಕ್ ಟಕ್ ಅಂತ…’ ಎಂದು ಏನೋ ಕೇಳಲು ಹೊರಟಿದ್ದರು. ನಾನು ಆ ವೇಳೆಗೆ ಕಂಪನಿಗಳ ದುರಾಡಳಿತದ ಮೇಲೆ ಒಂದು ದೀರ್ಘ ವಾಕ್ಯದ ನಡುವೆ ಇದ್ದೆ; ಕ್ರಿಯಾಪದ ತಲುಪುವ ಹೊತ್ತಿಗೆ ಅವರು ಸಾರು ತರಲು ಒಳಗೆ ಹೋಗಿದ್ದರು.

ಮರುವಾರ ಜೇವರ್ಗಿ. ಈ ಹೊತ್ತಿಗೆ ಬಸ್ಸಿನ ಖರ್ಚು ಶುಲ್ಕವನ್ನು ಹಿಂದೆ ಹಾಕಿತ್ತು, ಆ ಮಾತು ಬಿಡಿ. ಹೆದ್ದಾರಿಯ ಪಕ್ಕದ ಒಂದು ಮಹಡಿಯಲ್ಲಿ ಕಂಪನಿಯ ಕಚೇರಿ. ಲಾರಿ ಹಾದಾಗಲೆಲ್ಲ ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿತ್ತು. ಅಲ್ಲಿನ ವ್ಯವಸ್ಥಾಪಕರು ಅದೇ ಊರಿನವರು, ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. ನಾನು ಪಾಠಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಬಸ್ಸಿನಲ್ಲಿ ತುಳಿಸಿಕೊಂಡ ಕಾಲಿನ ಪ್ರಸಂಗದಿಂದ ಆರಂಭಿಸಿ, ಅತ್ತಾರರ ಆಡಿನ ಮೂಲಕ ಹಾದು, ನಮ್ಮ ಸೀಮೆಯ ಶಿಷ್ಟಾಚಾರದಲ್ಲಿ ತಪ್ಪೊಪ್ಪಿಗೆ ಎಂಬುದು ಹೇಗೆ ನಮಸ್ಕಾರದ ಇನ್ನೊಂದು ರೂಪವಷ್ಟೇ ಎಂದು ನಿರೂಪಿಸಿದೆ. ಅವರು ನಕ್ಕು ನಕ್ಕು ಕಣ್ಣೊರಸಿಕೊಂಡು, ‘ಖರೇ ಅದರಿ ಸರ್, ನಮ್ಮ ಮಂದಿ ಹಂಗೇ. ಅಲ್ಲಿ ದೂರ ಕೂತವರಿಗೆ ಇದು ತಿಳ್ಯಂಗಿಲ್ಲ’ ಎಂದರು. ಅಷ್ಟೇ ಅಲ್ಲ, ಈ ಭಾಗದ ಗ್ರಾಹಕರು ಬಾಯಿಮಾತಿನಲ್ಲಿ ತಪ್ಪು ಒಪ್ಪಿಕೊಂಡದ್ದನ್ನು ಪುರಾವೆಯೆಂದು ಹಿಡಿಯಬಾರದು ಎಂದು ಕಂಪ್ಯೂಟರಿನಲ್ಲಿ ಒಂದು ಟಿಪ್ಪಣಿಯನ್ನೂ ಬರೆದರು. ಎಂಜಿನಿಯರ್ ನಮೂದಿಸಿದ ಕಾರಣ ಸುಳ್ಳು ಎಂಬ ಒಂದು ಅರ್ಜಿಯನ್ನು ನನ್ನಿಂದ ಬರೆಸಿಕೊಂಡರು. ನಾನು ಸೊಗಸಾದ ಕೈಬರಹದಲ್ಲಿ ಬರೆದುಕೊಟ್ಟೆ.

‘ಆತ್ರಿ ಸರ್, ನಿಮ್ಮ ರೊಕ್ಕ ವಾಪಸ್. ಸುಳ್ಳು ಬರ್ದಿದ್ದಕ್ಕ ಆ ಲೈನ್‌ಮನ್‌ದು ಈ ತಿಂಗಳ ಪಗಾರ ನಿಲ್ಲಸ್ತೀವಿ. ಮುಂದಿಂದು ತನಿಖೆ ಆದ ಮ್ಯಾಲೆ ನೋಡೋಣಂತ’ ಎಂದು ಅವರು ಎದ್ದು ಕೈಕುಲುಕಿದರು.

ಗೆದ್ದವನಂತೆ ಮೆಟ್ಟಿಲಿಳಿದೆ. ಆದರೆ ಬಸ್ಸಿನಲ್ಲಿ ಕುಳಿತ ಮೇಲೆ ಗೆಲುವು ಯಾಕೋ ಮೈಗೆ ಹತ್ತಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಮಹಿಬೂಬಸಾಬರ ಕೈ ಕಣ್ಣಮುಂದೆ ಬರುತ್ತಿತ್ತು. ಸುಳ್ಳು ಬರೆದವನು ಅನುಭವಿಸಬೇಕಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಕಲಬುರಗಿಯವರೆಗೆ ಬಂತು, ಅಲ್ಲಿಂದ ಮುಂದಿನ ಬಸ್ಸು ಹತ್ತಲಿಲ್ಲ.

ಮನೆಗೆ ಬಂದು ವಿಜಯವಾರ್ತೆಯನ್ನು ಸುಶೀಲೆಗೆ ಒಪ್ಪಿಸಿದೆ. ರೊಕ್ಕದ ಮಾತು ಕೇಳುತ್ತ ಅವಳು ಅಡುಗೆಮನೆಯತ್ತ ನಡೆದೇ ಇದ್ದಳು. ಪಗಾರದ ಮಾತು ಬಂದಾಗ ಕೈಯಲ್ಲಿದ್ದ ಹಿಟ್ಟಿನ ಮರಿಗೆಯನ್ನು ಕೆಳಗಿಟ್ಟಳು.

‘ಆ ನಿಮ್ಮ ಫೋಟೋ ತಗದು ನೋಡ್ರಿ.’

‘ಯಾಕ?’

‘ತಗದು ನೋಡ್ರಿ ಅಂದ್ನಲ್ಲ.’

ತೆಗೆದೆ. ಕಟ್ಟಿನ ಹಿಂದೆ, ನಾನೇ ಸುತ್ತಿಗೆಯಿಂದ ಬಾರಿಸಿ ಇಳಿಸಿದ್ದ ನಾಲ್ಕಂಗುಲದ ಮೊಳೆ. ಮೊಳೆ ಹೊಕ್ಕಲ್ಲಿ ಸುಣ್ಣದ ಪದರ ಒಡೆದಿತ್ತು, ಒಡೆದಲ್ಲಿ ಬಿಳಿ ವಾಯರಿನ ಎರಡು ತುಂಡುಗಳು ಇಣುಕುತ್ತಿದ್ದವು. ವಾಯರಿನ ಮೇಲೆ ನಾಲ್ಕು ಸಲ ಸುಣ್ಣ ಬಳಿದಿದ್ದರಿಂದ ಅದು ಅಲ್ಲಿ ಹಾಯುತ್ತದೆಂಬುದೇ ನನಗೆ ಮರೆತುಹೋಗಿತ್ತು. ಮೊಳೆ ವಾಯರಿನ ನಟ್ಟನಡುವೆ ಇಳಿದಿತ್ತು. ಗುರಿಯಿಟ್ಟು ಹೊಡೆದಿದ್ದರೂ ಅಷ್ಟು ಕರಾರುವಾಕ್ಕಾಗಿ ಬೀಳುತ್ತಿರಲಿಲ್ಲ.

‘ನೀವು ಟಕ್ ಅಂತ ಹೊಡೀತಿದ್ದಂಗ ನನ್ನ ಕೈಯಾಗಿನ ಫೋನ್ ಬಂದ್ ಆತು. ಅವತ್ತೇ ಹೇಳೀನಿ ನಿಮಗ, ಮೊಳಿ ಹೊಡದಿದ್ದಕ್ಕ ಹಿಂಗ ಆಗ್ಯಾದ ಅಂತ. ಮೊಳಿಗೂ ಫೋನಿಗೂ ಏನ್ ಸಂಬಂಧ ಅಂತ ನನಗೇ ನಕ್ರಿ. ಅಕ್ಕನೂ ಹೇಳಾಕ ಬಂದಿದ್ಳಂತ, ಆಕಿಗೂ ಮಾತಾಡಾಕ ಬಿಡ್ಲಿಲ್ಲ. ನೀವೇ ಬುದ್ಧಿವಂತರು, ಏನರ ಮಾಡ್ಕೋರಿ ಅಂತ ಸುಮ್ಮನಾದೆ. ಆ ಮನುಷ್ಯಾನ ಪಗಾರ ಹೋಗ್ತದ ಅಂತ ನನಗ ಗೊತ್ತಿರಲಿಲ್ಲ.’

ಅವಳು ಇದನ್ನು ಹೇಳಿದ್ದು ನನಗೆ ನೆನಪಿರಲಿಲ್ಲ. ಹೇಳಿರಲೇಬೇಕು, ಹೇಳಿದ್ದನ್ನು ನಾನು ಮನಸ್ಸಿಗೆ ಹಾಕಿಕೊಂಡಿರಲಿಕ್ಕಿಲ್ಲ. ಮಹಿಬೂಬಸಾಬರು ಅಂದು ಮೂಲೆಯೆತ್ತಿ ನೋಡಿದ್ದು ನನ್ನ ಪೇಟವನ್ನಲ್ಲ, ಆ ಮೊಳೆಯನ್ನು. ಹೆಂಡತಿಯ ಎದುರಿಗೆ ಯಜಮಾನನನ್ನು ಸಣ್ಣವನನ್ನಾಗಿ ಮಾಡುವುದು ಬೇಡವೆಂದು ಬಾಯಿ ಮುಚ್ಚಿಕೊಂಡು, ಕಂಪನಿಯ ಕಾಲಂನಲ್ಲಿ ಮಾತ್ರ ಇದ್ದದ್ದನ್ನು ಇದ್ದಂತೆ ಬರೆದಿದ್ದರು. ಜೀವಮಾನದಲ್ಲಿ ನಾನು ಸುಮ್ಮನೆ ಬಾಯಿಮಾತಿಗೆ ಒಪ್ಪಿಕೊಂಡ ಸಾವಿರಾರು ತಪ್ಪುಗಳ ನಡುವೆ ಇದೊಂದು ನಿಜವಾಗಿಯೂ ನನ್ನದಾಗಿತ್ತು, ಮತ್ತು ನಾನು ಎರಡು ತಾಲ್ಲೂಕು ಅಲೆದು ಇದೊಂದನ್ನೇ ಅಲ್ಲಗಳೆದು ಬಂದಿದ್ದೆ. ನಾಚಿಕೆಯಾಯಿತು.

ಮರುದಿನ ಮೊದಲ ಬಸ್ಸಿಗೇ ಮತ್ತೆ ಜೇವರ್ಗಿಗೆ ಹೊರಟೆ. ವ್ಯವಸ್ಥಾಪಕರು ನನ್ನನ್ನು ಕಂಡು ಎದ್ದು ನಿಂತರು.

‘ತಪ್ಪು ನಮ್ಮದೇರಿ ಸಾಹೇಬ್ರ’ ಎಂದೆ.

ಅವರು ಗೊಳ್ಳನೆ ನಕ್ಕರು. ‘ನೋಡ್ರಿ, ಮತ್ತ ಸುರು ಮಾಡಿದ್ರಿ!’ ಎಂದು ಚಹಾಕ್ಕೆ ಹೇಳಿಕಳಿಸಿದರು.

ಇದು ಆ ಬಗೆಯದಲ್ಲ, ನಿಜವಾದ ತಪ್ಪು ಎಂದೆ. ಅವರು ಇನ್ನಷ್ಟು ನಕ್ಕರು. ಮೊಳೆಯ ಕಥೆ ಹೇಳಿದೆ. ಅದನ್ನು ಕೇಳುತ್ತ ಕೇಳುತ್ತ ಅವರ ನಗು ನಿಂತು, ಮುಖದಲ್ಲಿ ಒಂದು ಬಗೆಯ ಪೂಜ್ಯಭಾವ ಮೂಡತೊಡಗಿತು. ಅದನ್ನು ಕಂಡು ನನಗೆ ಗಾಬರಿಯಾಯಿತು. ‘ದೊಡ್ಡ ಮನಸ್ಸು ನಿಮ್ದು ಸರ್. ಒಬ್ಬ ಬಡವನ ಪಗಾರ ಉಳಿಸೋ ಸಲುವಾಗಿ ಇಷ್ಟ್ ದೂರ ಬಂದು ತಪ್ಪು ತಲಿಮ್ಯಾಲೆ ತಗೋಳಾಕತ್ತೀರಿ. ಈಗಿನ ಕಾಲದಾಗ ಯಾರ್ ಮಾಡ್ತಾರ?’ ಎಂದು, ಪಕ್ಕದ ಮೇಜಿನವರನ್ನು ಕರೆದು ನನ್ನನ್ನು ತೋರಿಸಿದರು. ಅವರೂ ಕೈಮುಗಿದರು. ಮೊಬೈಲಿನಲ್ಲಿ ತೆಗೆದ ಮೊಳೆಯ ಚಿತ್ರ ತೋರಿಸಿದೆ; ಆ ಮೊಳೆಯನ್ನೂ ನಾನು ದಯೆಯಿಂದ ನಿನ್ನೆಯಷ್ಟೇ ಹೊಡೆದದ್ದೆಂದು ಅವರಿಗೆ ಅನ್ನಿಸಿರಬೇಕು. ಕಂಪ್ಯೂಟರ್ ತಿರುಗಿಸಿ, ತಾವೇ ಬರೆದ ಟಿಪ್ಪಣಿಯನ್ನು ನನಗೇ ಓದಿ ಹೇಳಿದರು. ಆ ಟಿಪ್ಪಣಿಯ ಪ್ರಕಾರ ನನ್ನ ತಪ್ಪೊಪ್ಪಿಗೆಗೆ ಚಿಕ್ಕಾಸಿನ ಬೆಲೆಯೂ ಇರಲಿಲ್ಲ. ನಾನು ಎಷ್ಟು ನಯವಾಗಿ ಬಿಡಿಸಿ ಹೇಳುತ್ತ ಹೋದೆನೋ ಅಷ್ಟಷ್ಟೂ ನಿರ್ದೋಷಿಯಾಗುತ್ತ ಹೋದೆ. ಅತ್ತ ಮಹಿಬೂಬಸಾಬರು ಅಷ್ಟಷ್ಟೂ ಸುಳ್ಳುಗಾರರಾಗುತ್ತಿದ್ದರು.

ಆಗ ನನಗೆ ಸಿಟ್ಟು ಬಂತು. ತರಗತಿಯಲ್ಲಿ ಕೂಡ ದನಿಯೇರಿಸದೆ ಮೂವತ್ತು ವರ್ಷ ಕಳೆದವನು ನಾನು, ಮೇಜು ಗುದ್ದಿದೆ. ಚಹಾದ ಲೋಟ ಲಾರಿಯಿಲ್ಲದೆಯೇ ನಡುಗಿತು.

‘ಏ, ನಾ ಹೇಳೋದು ಕನ್ನಡ ಅದನೋ ಏನು? ಮೊಳಿ ನಾ ಹೊಡದೀನಿ! ಈ ಕೈಲೆ ಹೊಡದೀನಿ! ಹೇಂತಿ ಹೇಳಿದ್ರೂ ಕೇಳಿಲ್ಲ! ಮಹಿಬೂಬಸಾಬರು ಬರ್ದಿದ್ದು ಖರೇ, ನಾ ಬರಕೊಟ್ಟಿದ್ದು ಸುಳ್ಳು! ಸುಳ್ಳು ಬರಕೊಟ್ಟಾಂವ ನಾನು! ನನ್ನ ಅರ್ಜಿ ಹರದು ಒಗೀರಿ, ಇಲ್ಲಂದ್ರ ನಾ ಇಲ್ಲಿಂದ ಏಳಾಂವಲ್ಲ!’

ತನ್ನ ತಪ್ಪೇನೂ ಇಲ್ಲ ಎಂದು ಕೂಗಾಡುವ ಗ್ರಾಹಕರನ್ನು ಆ ಮನುಷ್ಯ ದಿನವೂ ಕಂಡಿದ್ದರು. ತಪ್ಪು ತನ್ನದೇ ಎಂದು ಮೇಜು ಗುದ್ದುವವನು ಅವರಿಗೆ ಹೊಸಬ. ಅವರ ಮುಖದ ಪೂಜ್ಯಭಾವ ನಿಧಾನವಾಗಿ ಇಳಿಯಿತು. ಹಾಗೆ ಇಳಿಯುವುದನ್ನು ನೋಡುತ್ತ ನನಗೆ, ಹೇಳಿದರೆ ನಂಬುತ್ತೀರೋ ಇಲ್ಲವೋ, ಹಾಯೆನಿಸಿತು. ‘ಹಂಗಾದ್ರ ಐದುನೂರಾ ತೊಂಬತ್ತು ಕಟ್ರಿ’ ಎಂದರು, ಈ ಬಾರಿ ಸರ್ ಎನ್ನದೆ. ಕಟ್ಟಿದೆ. ನಿಂತ ಪಗಾರ ಬಿಡುಗಡೆಯಾಗಲು ಇನ್ನೂ ಹದಿನೈದು ದಿನ ಬೇಕು ಎಂದರು. ಹದಿನೈದೂ ದಿನ ಬೆಳಿಗ್ಗೆ ಎದ್ದು ಅವರಿಗೆ ಫೋನು ಮಾಡಿದೆ.

ಪಗಾರ ಕೈಸೇರಿತೆಂದು ತಿಳಿದ ದಿನ ನರೋಣಾಕ್ಕೆ ಹೋದೆ. ನಾನು ಸುಶೀಲೆಯನ್ನು ಬರುತ್ತೀಯಾ ಎಂದು ಕೇಳಿದಾಗ ಅವಳು, ‘ನೀವೊಬ್ಬರೇ ಹೋಗ್ರಿ, ಮಾತಾಡೋದು ನಿಮ್ದದ’ ಎಂದಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಒಂದೆರಡು ವಾಕ್ಯಗಳಂತೂ ನನಗೇ ಮೆಚ್ಚುಗೆಯಾಗುವಷ್ಟು ಚೆನ್ನಾಗಿದ್ದವು.

ಶಾಲೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿ, ಒಳಗೆ ಚಹಾಕ್ಕೆ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಮಹಿಬೂಬಸಾಬರು ಶುರು ಮಾಡಿದರು. ‘ನಮ್ಮಿಂದ ನಿಮಗ ಎಷ್ಟ್ ತಕಲೀಫ್ ಆತ್ರಿ ಸರ್. ಜೇವರ್ಗಿ ತನಕ ಎರಡೆರಡು ಸಲ ಓಡಾಡಿದ್ರಂತ. ಅವತ್ತೇ ನಿಮ್ಮ ಕಿವ್ಯಾಗ ಹೇಳಬೇಕಾಗಿತ್ತು ನಾ. ತಪ್ಪು ನಮ್ಮದೇರಿ.’

ದಾರಿಯಲ್ಲಿ ಜೋಡಿಸಿದ ವಾಕ್ಯಗಳು ಒಂದೂ ನೆನಪಾಗಲಿಲ್ಲ.

‘ಇಲ್ಲ ಮಹಿಬೂಬಸಾಬ್ರ’ ಎಂದೆ. ‘ನಾ ಬಾಯಿಮಾತಿಗೆ ಅನ್ನಾಕತ್ತಿಲ್ಲ. ಮೊಳಿ ಹೊಡದಾಂವ ನಾನು. ನೀವು ಸುಳ್ಳ ಬರ್ದೀರಿ ಅಂತ ಬರಕೊಟ್ಟಾಂವ ನಾನು. ನಿಮ್ಮ ಪಗಾರ ನಿಂತಿದ್ದು ನನ್ನಿಂದ.’

ಅವರ ಬಾಯಿ ಅಭ್ಯಾಸದಿಂದ ತೆರೆಯಿತು. ಛೇ ಛೇ ಎನ್ನುವುದರಲ್ಲಿದ್ದರು. ಆಮೇಲೆ ನನ್ನ ಮುಖ ನೋಡಿದರು. ತಲೆಯ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

‘ಹೌದ್ರಿ ಸರ್’ ಎಂದರು. ‘ನಿಮ್ಮಿಂದ ಭಾಳ ತ್ರಾಸ ಆತ್ರಿ ನನಗ.’

ಅವರು ಮೆಲ್ಲಗೆ, ನೆಲ ನೋಡುತ್ತ ಹೇಳಿದರು. ಅಂಗಡಿಯವನು ಉದ್ರಿ ಬಂದ್ ಮಾಡಿದ್ದು. ಇಪ್ಪತ್ತು ವರ್ಷ ಕಂಬ ಹತ್ತಿದವನನ್ನು ತನಗಿಂತ ಎಷ್ಟೋ ಚಿಕ್ಕವನಾದ ಸಾಹೇಬನೊಬ್ಬ ಫೋನಿನಲ್ಲಿ ಸುಳ್ಳುಗಾರ ಎಂದದ್ದು. ಮಗಳ ಮನೆಗೆ ಹೋಗಿ ಜೋಳ ತಂದದ್ದು. ಕೊಟ್ಟ ಮನೆಗೆ ಹಾಗೆ ಕೈಚೀಲ ಹಿಡಿದು ಹೋದದ್ದು ಅದೇ ಮೊದಲಂತೆ, ಅಳಿಯ ಏನೂ ಅನ್ನಲಿಲ್ಲವಂತೆ, ಅದೇ ಹೆಚ್ಚು ಕಷ್ಟವಾಯಿತಂತೆ. ಚಹಾ ಬಂದು ಇಬ್ಬರ ನಡುವೆ ಆರುತ್ತಿತ್ತು. ಅವರ ಒಂದೊಂದು ಮಾತೂ ನೋಯಿಸಿತು, ನೋಯಬೇಕಾದಲ್ಲೇ ನೋಯಿಸಿತು. ನನ್ನ ಬಾಯಿಗೆ ಬಂದ ನಯದ ಮಾತುಗಳನ್ನೆಲ್ಲ ಒಂದೊಂದಾಗಿ ನುಂಗಿಕೊಂಡೆ. ಅವರು ಹೇಳಿ ಮುಗಿಸುವಷ್ಟರಲ್ಲಿ ಆಳಂದದ ಎರಡು ಬಸ್ಸುಗಳು ಹೋದವು, ನಾನು ಏಳಲಿಲ್ಲ.